ಕಬ್ಬಿಣಕ್ಕೆ ಬೀಗ ಇರಲಿಲ್ಲ

ಎಚ್‌ಎಂಟಿ ಅಂದರೆ ಜಾಲಹಳ್ಳಿ, ಯಶವಂತಪುರದ ಕಡೆಯವರಿಗೆ ಮೊದಲು ನೆನಪಾಗುವುದು ಕೈಗಡಿಯಾರ. ಟ್ರ್ಯಾಕ್ಟರ್ ನೆನಪಾಗುವುದು ಎಲ್ಲಕ್ಕಿಂತ ಕೊನೆಗೆ, ಅದೂ ಊರ ಕಡೆ ಹೊಲ ಉಳಿಸಿಕೊಂಡವರಿಗೆ ಮಾತ್ರ. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈ ಸರ್ಕಾರಿ ಕಂಪನಿ, 1971ರಲ್ಲಿ ಹರಿಯಾಣದ ಪಿಂಜೋರಿನಲ್ಲಿ, ಆಗಿನ ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನ ತಂದು ಟ್ರ್ಯಾಕ್ಟರ್ ತಯಾರಿಸತೊಡಗಿತು. 25 ಎಚ್‌ಪಿಯ 2511 ಮೊದಲು ಬಂತು, ಆಮೇಲೆ ಬೇರೆ ಬೇರೆ ಮಾಡೆಲ್‌ಗಳು ಬಂದವು. ನಷ್ಟ ಏರುತ್ತಾ ಹೋಗಿ, 2016ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಆ ಘಟಕವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಕಂಪನಿ ಹೋಯಿತು, ಡೀಲರ್ ಹೋದ, ವಾರಂಟಿಯಂತೂ ಎಂದೋ ಮುಗಿದಿತ್ತು. ಟ್ರ್ಯಾಕ್ಟರ್ ಮಾತ್ರ ಹೋಗಲಿಲ್ಲ. ಮಾಡಿದವರೇ ಕೈಬಿಟ್ಟ ಗಾಡಿ ಇವತ್ತಿಗೂ ಹೊಲ ಉಳುತ್ತದೆ, ಟ್ರಾಲಿ ಎಳೆಯುತ್ತದೆ, ಸೆಕೆಂಡ್‌ಹ್ಯಾಂಡಿನಲ್ಲಿ ಕೈ ಬದಲಾಯಿಸುತ್ತದೆ.

ಇದರಲ್ಲಿ ಪವಾಡವೇನೂ ಇಲ್ಲ. ಪಿಸ್ಟನ್ ರಿಂಗು, ಕ್ಲಚ್ ಪ್ಲೇಟು, ಆಯಿಲ್ ಸೀಲು, ಬೇರಿಂಗು — ಇವನ್ನೆಲ್ಲ ಮೂಲ ಕಂಪನಿಯೇ ಮಾಡಬೇಕು ಅಂತ ಯಾವ ಕಾಲದಲ್ಲೂ ಇರಲಿಲ್ಲ. ಜೆ.ಸಿ. ರಸ್ತೆಯ ಅಂಗಡಿಗೆ ಹಳೆಯ ಭಾಗ ಹಿಡಿದುಕೊಂಡು ಹೋದರೆ ಅಳತೆ ನೋಡಿ ಅದರ ಜೋಡಿಯನ್ನು ಮುಂದಿಡುತ್ತಾರೆ. ಅಲ್ಲಿ ಸಿಗದ ಬುಷ್ಷನ್ನು ಪೀಣ್ಯದ ಲೇತಿನಲ್ಲಿ ಕಡೆಸಿಕೊಳ್ಳಬಹುದು. ಡೀಸೆಲ್ ಪಂಪಿನ ವಿಷಯಕ್ಕೆ ಬಂದರೆ ಬೆಂಗಳೂರಿಗರಿಗೆ ಇನ್ನೂ ಸಲೀಸು. ಆಡುಗೋಡಿಯ ಮೈಕೋ, ಅಂದರೆ ಇವತ್ತಿನ ಬಾಷ್, ಮಾಡಿದ ಪಂಪುಗಳನ್ನು ಬಿಚ್ಚಿ ಜೋಡಿಸಬಲ್ಲವರು ತಾಲ್ಲೂಕಿಗೊಬ್ಬರಾದರೂ ಸಿಗುತ್ತಾರೆ. ಹೀಗಾಗಿ ರಿಪೇರಿಯ ಹಕ್ಕು ಅಂತ ಒಂದು ಇದೆ, ಅದನ್ನು ಕೇಳಿ ಪಡೆಯಬೇಕು ಅಂತ ನಮ್ಮ ರೈತರಿಗೆ ಅನ್ನಿಸಿರಲೇ ಇಲ್ಲ. ಯಾವ ಕಾನೂನೂ ಅದನ್ನು ಕೊಟ್ಟಿರಲಿಲ್ಲ ಅನ್ನುವುದೂ ಅಷ್ಟೇ ನಿಜ. ಕಬ್ಬಿಣಕ್ಕೆ ಬೀಗ ಹಾಕುವುದು ಯಾರಿಂದಲೂ ಆಗುತ್ತಿರಲಿಲ್ಲ, ಅದಕ್ಕೇ ಎಲ್ಲ ನಡೆದುಕೊಂಡು ಬಂತು.

ಅದಕ್ಕೂ ಹಿಂದಿನ ವ್ಯವಸ್ಥೆಯಲ್ಲಂತೂ ರಿಪೇರಿ ಊರಿನ ಲೆಕ್ಕದಲ್ಲೇ ಸೇರಿಹೋಗಿತ್ತು. ಹನ್ನೆರಡು ಜನ ಆಯಗಾರರಲ್ಲಿ ಕಮ್ಮಾರ ಒಬ್ಬ, ಬಡಗಿ ಒಬ್ಬ. ನೇಗಿಲ ಗುಳ ಮೊಂಡಾದರೆ ಕಾಯಿಸಿ ಬಡಿದುಕೊಡುವುದು, ಮೇಣಿ ಮುರಿದರೆ ಹೊಸದು ಕೂರಿಸುವುದು ಅವರ ಕೆಲಸ. ಸುಗ್ಗಿಯಲ್ಲಿ ಕಣದಿಂದಲೇ ಅವರ ಪಾಲಿನ ಕಾಳು ಅಳೆದು ಕೊಡುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟು ಇತ್ತು, ಕಮ್ಮಾರನ ಮಗ ಬೇರೆ ಕಸುಬು ಹಿಡಿಯುವುದು ಕಷ್ಟವಿತ್ತು. ಅದನ್ನು ಹೊಗಳಿ ಕೂರುವ ಆಸೆ ನನಗಿಲ್ಲ. ಆದರೆ ಒಂದು ಮಾತು ಒಪ್ಪಬೇಕು. ನೇಗಿಲು ಮಾಡಿದವನೂ ರಿಪೇರಿ ಮಾಡುವವನೂ ಕೂಗಳತೆಯಲ್ಲೇ ಇದ್ದರು. ಗುಳ ಹರಿತ ಮಾಡಿಸಲು ಯಾರ ಪಾಸ್‌ವರ್ಡೂ ಬೇಕಿರಲಿಲ್ಲ.

ಈಗಿನ ಗ್ಯಾರೇಜಿಗೆ ಬರೋಣ. ಯಲಹಂಕ ದಾಟಿ ರಾಜಾನುಕುಂಟೆ, ದೊಡ್ಡಬಳ್ಳಾಪುರದ ಕಡೆ ಹೋದರೆ ಅಪಾರ್ಟ್‌ಮೆಂಟಿನ ಬೋರ್ಡುಗಳ ನಡುವೆ ಶೀಟು ಹೊದಿಸಿದ ಟ್ರ್ಯಾಕ್ಟರ್ ಗ್ಯಾರೇಜುಗಳು ಇನ್ನೂ ಉಳಿದಿವೆ. ಮೂರು ಸಿಲಿಂಡರಿನ ಹಳೇ ಗಾಡಿ ‘ಎಳೀತಿಲ್ಲ, ಹೊಗೆ ಜಾಸ್ತಿ’ ಅಂತ ಬಂದರೆ ಅಲ್ಲಿನ ಮೆಕ್ಯಾನಿಕ್ ಮಾಡುವುದನ್ನು ನಿಂತು ನೋಡಬೇಕು. ಎಂಜಿನ್ ಸ್ಟಾರ್ಟ್ ಮಾಡಿ ಹಾಗೇ ಬಿಡುತ್ತಾನೆ. ಡೀಸೆಲ್ ಪಂಪಿನಿಂದ ಒಂದೊಂದು ಸಿಲಿಂಡರಿಗೂ ಹೋಗುವ ಸಣ್ಣ ಉಕ್ಕಿನ ಪೈಪಿನ ನಟ್ಟನ್ನು ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಸಡಿಲ ಮಾಡುತ್ತಾನೆ. ಡೀಸೆಲ್ ಜಿನುಗುತ್ತದೆ, ಎಂಜಿನ್ನಿನ ಸದ್ದು ಕುಂಟುತ್ತದೆ. ಅಂದರೆ ಆ ಸಿಲಿಂಡರ್ ಸರಿಯಿದೆ. ನಟ್ಟು ಬಿಗಿದು ಮುಂದಿನದಕ್ಕೆ ಹೋಗುತ್ತಾನೆ. ಯಾವುದನ್ನು ಸಡಿಲ ಮಾಡಿದರೂ ಸದ್ದು ಬದಲಾಗುವುದಿಲ್ಲವೋ ಅಲ್ಲೇ ರೋಗ.

‘ಮೂರನೇದು ಸತ್ತೈತೆ ಗೌಡ್ರೆ. ನಾಜಲ್ ಹನಿ ಬಿಡ್ತೈತೆ.’

‘ಪಂಪ್ ಬಿಚ್ಬೇಕಾ?’

‘ಪಂಪಿನ ತಂಟೆಗೆ ಹೋಗೋದ್ ಬ್ಯಾಡ. ನಾಜಲ್ ಬದ್ಲಾಯಿಸಿ ಕೊಡ್ತೀನಿ, ಸಾಯಂಕಾಲಕ್ಕೆ ಹೊಲಕ್ಕೆ ತಗೊಂಡ್ ಹೋಗಿ.’

ಪೂರ್ತಿ ತಪಾಸಣೆಗೆ ಹಿಡಿದದ್ದು ಒಂದು ಸ್ಪ್ಯಾನರು, ಎರಡು ಕಿವಿ. ಅದೇ ಗ್ಯಾರೇಜಿಗೆ ಹೊಸ ದೊಡ್ಡ ಗಾಡಿ ಬಂದರೆ ಮಾತಿನ ಧಾಟಿಯೇ ಬೇರೆ. ಮೀಟರ್ ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿರುತ್ತದೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ಗಾಡಿ ಮೇಲೇಳುವುದಿಲ್ಲ. ‘ಇದು ನನ್ ಕೈಲಿ ಆಗಲ್ಲ ಗೌಡ್ರೆ, ಲ್ಯಾಪ್‌ಟಾಪ್ ಹಾಕಿ ನೋಡ್ಬೇಕು. ಅದು ಶೋರೂಮ್ನೋರ ಹತ್ರಾನೇ ಇರೋದು’ ಅನ್ನುತ್ತಾನೆ ಮೆಕ್ಯಾನಿಕ್. ಗೌಡರು ಫೋನ್ ತೆಗೆದು ನಂಬರ್ ಒತ್ತಲು ಶುರು ಮಾಡುತ್ತಾರೆ.

ಈ ಎರಡು ಗಾಡಿಗಳ ನಡುವೆ ಒಂದು ಗೆರೆ ಇದೆ. ಹೊಗೆ ನಿಯಂತ್ರಣಕ್ಕಾಗಿ ಕೇಂದ್ರ ಸರ್ಕಾರ ತಂದ ‘ಟ್ರೆಮ್-4’ ಎಂಬ ಮಾನದಂಡ, ಮುಂದೂಡಿ ಮುಂದೂಡಿ, ಕೊನೆಗೆ 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರುಗಳಿಗೆ ಜಾರಿಗೆ ಬಂತು. ಅದಕ್ಕಿಂತ ಕೆಳಗಿನವು ಹಳೆಯ ಮಾನದಂಡದಲ್ಲೇ ಉಳಿದವು. ಶೋರೂಮುಗಳಲ್ಲಿ 49 ಚಿಲ್ಲರೆ ಎಚ್‌ಪಿಯ ಗಾಡಿಗಳು ಸಾಲಾಗಿ ನಿಂತಿರುವುದಕ್ಕೆ ಈ ಗೆರೆಯೂ ಒಂದು ಕಾರಣ. ವರ್ಷಕ್ಕೆ ಲಕ್ಷಗಟ್ಟಲೆ ಟ್ರ್ಯಾಕ್ಟರ್ ಮಾರಾಟವಾಗುವ ಈ ದೇಶದಲ್ಲಿ ಬಹುಪಾಲು 50ರ ಕೆಳಗಿನವೇ. ಆದ್ದರಿಂದ ನಮ್ಮ ಹೆಚ್ಚಿನ ರೈತರಿಗೆ ಬೀಗದ ಅನುಭವ ಇನ್ನೂ ಆಗಿಲ್ಲ. ಆದರೆ ಮುಂದಿನ ಹಂತದ ಮಾನದಂಡಗಳು ಸಣ್ಣ ಗಾಡಿಗಳನ್ನೂ ಒಳಗೆ ತೆಗೆದುಕೊಳ್ಳುವ ದಿಕ್ಕಿನಲ್ಲೇ ಇವೆ. ಇವತ್ತಲ್ಲ ನಾಳೆ ಅದು ಬಂದೇ ಬರುತ್ತದೆ.

ಹೊಸ ಎಂಜಿನ್ನಿನ ಒಳಗೆ ಏನಾಗಿದೆ ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು, ಇಲ್ಲದಿದ್ದರೆ ಜಗಳದ ಮೂಲ ತಿಳಿಯುವುದಿಲ್ಲ. ಹಳೇ ಪಂಪು ಪೂರ್ತಿ ಯಾಂತ್ರಿಕ. ಕ್ಯಾಮ್ ತಿರುಗಿದಾಗ ಡೀಸೆಲ್ ಒತ್ತುತ್ತದೆ, ಸುಮಾರು 200 ಬಾರ್ ಒತ್ತಡ ಬಂದರೆ ನಾಜಲ್ ಬಾಯಿ ತೆರೆಯುತ್ತದೆ. ಹೊಸ ‘ಕಾಮನ್ ರೇಲ್’ ಪದ್ಧತಿಯಲ್ಲಿ ಎಲ್ಲ ಸಿಲಿಂಡರಿಗೂ ಸೇರಿ ಒಂದು ದಪ್ಪ ಕೊಳವೆ, ಅದರಲ್ಲಿ ಸಾವಿರ ಬಾರ್‌ಗೂ ಮೀರಿದ ಒತ್ತಡದಲ್ಲಿ ಡೀಸೆಲ್ ಸದಾ ತುಂಬಿರುತ್ತದೆ. ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆರೆಯಬೇಕು ಎಂಬುದನ್ನು ತೀರ್ಮಾನಿಸುವುದು ಇಸಿಯು ಎಂಬ ಕಂಪ್ಯೂಟರ್ ಪೆಟ್ಟಿಗೆ. ಕ್ರ್ಯಾಂಕಿನ ವೇಗ, ಪೆಡಲಿನ ಸ್ಥಾನ, ನೀರಿನ ಬಿಸಿ, ರೇಲಿನ ಒತ್ತಡ — ಒಂದೊಂದಕ್ಕೂ ಒಂದು ಸೆನ್ಸರ್ ಇದ್ದು ಅದಕ್ಕೆ ವರದಿ ಕಳಿಸುತ್ತಿರುತ್ತದೆ. ಒಂದು ಸೆನ್ಸರಿನ ವೈರು ಇಲಿ ಕಡಿದು ತುಂಡಾದರೂ ಸಾಕು, ಇಸಿಯು ಹೆದರಿ ಎಂಜಿನ್ನಿನ ಬಲವನ್ನು ತಾನೇ ಕುಗ್ಗಿಸಿಬಿಡುತ್ತದೆ. ಮೊದಲಿನಂತೆ ಪೈಪಿನ ನಟ್ಟು ಸಡಿಲ ಮಾಡಿ ನೋಡುವ ಹಾಗೂ ಇಲ್ಲ. ಆ ಒತ್ತಡದಲ್ಲಿ ಚಿಮ್ಮಿದ ಡೀಸೆಲ್ ಚರ್ಮವನ್ನೇ ತೂರಿಕೊಂಡು ಒಳಗೆ ಹೋಗುತ್ತದೆ. ಸ್ಕ್ಯಾನರ್ ಚುಚ್ಚಿ ಕೋಡ್ ಓದುವುದೊಂದೇ ದಾರಿ.

ಇಲ್ಲಿಯವರೆಗೆ ಯಾರ ತಪ್ಪೂ ಇಲ್ಲ. ಹೊಗೆ ಕಡಿಮೆಯಾಗಬೇಕು, ಡೀಸೆಲ್ ಉಳಿಯಬೇಕು ಅಂದರೆ ಎಂಜಿನ್ನಿಗೆ ಈ ಮಟ್ಟದ ಲೆಕ್ಕಾಚಾರ ಬೇಕೇ ಬೇಕು. ತಕರಾರು ಶುರುವಾಗುವುದು ಸ್ಕ್ಯಾನರ್ ಯಾರ ಕೈಯಲ್ಲಿದೆ ಎಂಬಲ್ಲಿಂದ. ದೋಷದ ಕೋಡನ್ನು ಕಂಪನಿಯ ತಂತ್ರಾಂಶ ಮಾತ್ರ ಪೂರ್ತಿಯಾಗಿ ಓದಬಲ್ಲದು ಅಂದರೆ? ಹೊಸ ಇಂಜೆಕ್ಟರ್ ತಂದು ಕೂರಿಸಿದರೂ ಅದರ ಮೇಲೆ ಅಚ್ಚಾದ ಸಂಖ್ಯೆಯನ್ನು ಇಸಿಯುಗೆ ತುಂಬಿಸುವ ಅಧಿಕಾರ ಡೀಲರಿಗೆ ಮಾತ್ರ ಇದೆ ಅಂದರೆ? ಆಗ ಭಾಗ ರೈತನದು, ಕೂಲಿ ಮೆಕ್ಯಾನಿಕ್ಕಿನದು, ಗಾಡಿ ಓಡಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಮೂರನೆಯವನದು.

ಅಮೆರಿಕದಲ್ಲಿ ಈ ಜಗಳ ಹತ್ತು ವರ್ಷಕ್ಕೂ ಮೀರಿ ನಡೆದಿದೆ. ಅಲ್ಲಿನ 1998ರ ಡಿಜಿಟಲ್ ಕಾಪಿರೈಟ್ ಕಾಯ್ದೆಯ ಪ್ರಕಾರ ತಂತ್ರಾಂಶದ ಬೀಗ ಮುರಿಯುವುದೇ ಕಾನೂನುಬಾಹಿರ, ವಿನಾಯಿತಿ ಇಲ್ಲದ ಹೊರತು. ಟ್ರ್ಯಾಕ್ಟರಿಗೂ ಇದು ಅನ್ವಯವಾಗುತ್ತದೆಯೇ ಎಂಬ ವಿಚಾರಣೆ ನಡೆದಾಗ ಜಾನ್ ಡೀರ್ ಕಂಪನಿ ಅಲ್ಲಿನ ಕಾಪಿರೈಟ್ ಕಚೇರಿಗೆ ಕೊಟ್ಟ ವಾದ ಪ್ರಸಿದ್ಧವಾಯಿತು. ಗಾಡಿ ಕೊಂಡವನಿಗೆ ಅದರೊಳಗಿನ ತಂತ್ರಾಂಶದ ಮೇಲೆ ಸಿಗುವುದು, ಗಾಡಿ ಬದುಕಿರುವಷ್ಟು ಕಾಲ ಅದನ್ನು ಓಡಿಸುವ ಪರವಾನಗಿ ಮಾತ್ರ, ಎಂಬುದು ಅದರ ಸಾರ. ಮನೆ ಕ್ರಯ ಮಾಡಿಕೊಟ್ಟು ಬೀಗದ ಕೈ ಮಾತ್ರ ತನ್ನ ಸೊಂಟದಲ್ಲೇ ಸಿಕ್ಕಿಸಿಕೊಂಡು ಹೋದಂತೆ. ಕಾಪಿರೈಟ್ ಕಚೇರಿ ಆ ವಾದ ಒಪ್ಪಲಿಲ್ಲ. 2015ರಲ್ಲಿ ರಿಪೇರಿಗಾಗಿ ಬೀಗ ತೆರೆಯಲು ಟ್ರ್ಯಾಕ್ಟರ್ ಮಾಲೀಕರಿಗೆ ವಿನಾಯಿತಿ ಕೊಟ್ಟಿತು. ಆದರೆ ಹಕ್ಕು ಬಂದರೂ ಉಪಕರಣ ಬರಲಿಲ್ಲ. ಕೆಲವು ರೈತರು ಉಕ್ರೇನಿನ ಕಡೆಯಿಂದ ಬಂದ ಕಳ್ಳ ತಂತ್ರಾಂಶ ಹಾಕಿಕೊಂಡು ಕೆಲಸ ಸಾಗಿಸಿದರು. 2023ರ ಜನವರಿಯಲ್ಲಿ ಕಂಪನಿ ಅಲ್ಲಿನ ದೊಡ್ಡ ರೈತ ಒಕ್ಕೂಟದ ಜತೆ ರಿಪೇರಿಯ ಬಗ್ಗೆ ಒಪ್ಪಂದ ಮಾಡಿಕೊಂಡಿತು. ಅದು ಸಾಲದು ಎಂದು ಕೊಲರಾಡೊ ರಾಜ್ಯ ಅದೇ ವರ್ಷ ಕೃಷಿ ಯಂತ್ರಗಳಿಗೆಂದೇ ರಿಪೇರಿ ಹಕ್ಕಿನ ಕಾಯ್ದೆ ಮಾಡಿ 2024ರ ಜನವರಿ 1ರಿಂದ ಜಾರಿಗೆ ತಂದಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನೇ ಕಂಪನಿಯ ಮೇಲೆ ಕೋರ್ಟಿಗೆ ಹೋಯಿತು. ರಿಪೇರಿಯ ಪೂರ್ತಿ ತಂತ್ರಾಂಶವನ್ನು ಡೀಲರಿಗೆ ಮಾತ್ರ ಕೊಟ್ಟು ಪೈಪೋಟಿ ಕೊಂದಿದ್ದಾರೆ ಎಂಬುದು ಆಪಾದನೆ. ಎಲ್ಲ ಗಾಡಿಗಳಿಗೂ ಬೀಗ ಬಿದ್ದ ಮೇಲೆ ಅದನ್ನು ತೆಗೆಸುವುದು ಎಷ್ಟು ದುಬಾರಿ ವ್ಯವಹಾರ ಅನ್ನುವುದಕ್ಕೆ ಇಷ್ಟು ಸಾಕು.

ನಮ್ಮ ಕಾನೂನು ಈ ವಿಷಯದಲ್ಲಿ ಅಮೆರಿಕದ್ದಕ್ಕಿಂತ ಮೃದು ಅನ್ನುವುದು ಅನೇಕರಿಗೆ ಗೊತ್ತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎಂಬ ಕಲಮು ಸೇರಿತು. ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು ಅಂತ ಅದು ಹೇಳುತ್ತದೆ, ನಿಜ. ಆದರೆ ಕೃತಿಸ್ವಾಮ್ಯವನ್ನು ಉಲ್ಲಂಘಿಸುವ ಉದ್ದೇಶ ಇರಬೇಕು. ಕಾಯ್ದೆ ನಿಷೇಧಿಸದ ಬೇರೆ ಕೆಲಸಕ್ಕಾಗಿ ತೆರೆದರೆ ಅಡ್ಡಿಯಿಲ್ಲ. ಸ್ವಾರಸ್ಯವೆಂದರೆ ಹಾಗೆ ತೆರೆದುಕೊಡಲು ನೆರವಾಗುವವನು, ಯಾರಿಗೆ, ಯಾವ ಉದ್ದೇಶಕ್ಕೆ ನೆರವಾದೆ ಅಂತ ಹೆಸರು, ವಿಳಾಸ ಸಮೇತ ದಾಖಲೆ ಇಡಬೇಕಂತೆ. ಅಂದರೆ ರಾಜಾನುಕುಂಟೆಯ ಮೆಕ್ಯಾನಿಕ್ ಒಂದು ರಿಜಿಸ್ಟರ್ ಇಟ್ಟುಕೊಂಡರೆ ಕಾಪಿರೈಟಿನ ಕಡೆಯಿಂದ ಅವನಿಗೆ ದೊಡ್ಡ ಭಯವಿಲ್ಲ ಅಂತ ವಾದಿಸಲು ಜಾಗವಿದೆ. ತೊಂದರೆ ಇರುವುದು ಬೇರೆ ಕಡೆ. ಬೀಗ ತೆರೆಯಲು ಕಾನೂನು ಬಿಟ್ಟರೂ ಕೀಲಿ ಕೊಡು ಅಂತ ಕಂಪನಿಗೆ ಹೇಳುವ ಕಾನೂನು ಇಲ್ಲ.

ಹಾಗೆ ಹೇಳಿದ ಒಂದು ಆದೇಶ ಮಾತ್ರ ಇದೆ, ಅದು ಕಾರಿನ ವಿಷಯದಲ್ಲಿ. ಶಂಶೇರ್ ಕಟಾರಿಯಾ ಎಂಬವರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಮಾರುತಿ, ಟಾಟಾ, ಮಹೀಂದ್ರ ಸೇರಿ 14 ಕಾರು ಕಂಪನಿಗಳಿಗೆ ಒಟ್ಟು ₹2,544.65 ಕೋಟಿ ದಂಡ ಹಾಕಿತು. ಬಿಡಿಭಾಗ, ತಪಾಸಣೆಯ ಉಪಕರಣ, ರಿಪೇರಿಯ ಮಾಹಿತಿ ಇವನ್ನೆಲ್ಲ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಗ್ರಾಹಕನನ್ನು ತಮ್ಮ ವರ್ಕ್‌ಶಾಪಿಗೇ ಕಟ್ಟಿಹಾಕಿದ್ದಾರೆ ಎಂಬುದು ಆಯೋಗದ ತೀರ್ಮಾನ. ದಂಡದ ಮೊತ್ತ ಮೇಲ್ಮನವಿಗಳ ದಾರಿ ಹಿಡಿಯಿತು, ಅದು ಬೇರೆ ಕಥೆ. ನನಗೆ ಮುಖ್ಯವಾಗಿ ಕಾಣುವುದು ಆ ಆದೇಶದ ಕೊನೆಯ ನಿರ್ದೇಶನಗಳು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದು ಅನ್ನುವ ಹಾಗಿಲ್ಲ, ಹೊರಗಿನ ಕೆಟ್ಟ ರಿಪೇರಿಯಿಂದ ಆದ ಹಾನಿಗೆ ಮಾತ್ರ ಕಂಪನಿ ವಾರಂಟಿ ನಿರಾಕರಿಸಬಹುದು ಎಂದು ಅದು ಹೇಳಿತು. ಟ್ರ್ಯಾಕ್ಟರ್ ಮಾರುವವರ ಬಾಯಲ್ಲಿ ‘ಹೊರಗೆ ಮುಟ್ಟಿಸಿದ್ರೆ ವಾರಂಟಿ ಹೋಗುತ್ತೆ’ ಎಂಬ ಮಾತು ಇವತ್ತಿಗೂ ಧಾರಾಳವಾಗಿ ಬರುತ್ತದೆ. ಕಾರಿಗೆ ಅನ್ಯಾಯ ಅನ್ನಿಸಿದ್ದು ಟ್ರ್ಯಾಕ್ಟರಿಗೆ ನ್ಯಾಯ ಹೇಗಾಗುತ್ತದೆ?

ಸರ್ಕಾರಕ್ಕೆ ವಿಷಯ ಗೊತ್ತಿಲ್ಲ ಅಂತಲ್ಲ. 2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟು ರೂಪಿಸಲು ನಿಧಿ ಖರೆ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿತು. ನಾಲ್ಕು ವಲಯಗಳನ್ನು ಆರಿಸಿಕೊಂಡಿತು: ಕೃಷಿ ಯಂತ್ರಗಳು, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆಯ ಉಪಕರಣಗಳು, ವಾಹನಗಳು. ಅದೇ ವರ್ಷ ಡಿಸೆಂಬರ್ 24ರ ಗ್ರಾಹಕರ ದಿನ ಒಂದು ಪೋರ್ಟಲ್ಲನ್ನೂ ತೆರೆಯಿತು. ಕಂಪನಿಗಳು ತಮ್ಮ ಕೈಪಿಡಿ, ವಾರಂಟಿ, ಬಿಡಿಭಾಗಗಳ ವಿವರವನ್ನು ಅಲ್ಲಿ ಹಾಕಲಿ ಎಂಬ ಆಶಯ. ಹಾಕದಿದ್ದರೆ ದಂಡವಿಲ್ಲ. ಆಮೇಲೆ ಭರತ್ ಖೇರಾ ಅವರ ನೇತೃತ್ವದ ಸಮಿತಿ 2025ರ ಮೇನಲ್ಲಿ ವರದಿ ಕೊಟ್ಟಿತು. ಫ್ರಾನ್ಸ್ 2021ರಿಂದ ಮಾಡುತ್ತಿರುವಂತೆ, ಒಂದು ಸಾಮಾನನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದು ಅಂತ ಮಾರುವ ಜಾಗದಲ್ಲೇ ಅಂಕ ತೋರಿಸುವ ಯೋಜನೆ ಅದು. ಮೊದಲ ಸರದಿ ಮೊಬೈಲ್ ಮತ್ತು ಟ್ಯಾಬ್ಲೆಟ್‌ಗೆ. ಕೃಷಿ ಯಂತ್ರಗಳಿಗೆ ಮುಂದಿನ ಹಂತಗಳಲ್ಲಿ. ನಾಲ್ಕು ವಲಯಗಳ ಪಟ್ಟಿಯಲ್ಲಿ ಮೊದಲು ಬರೆದಿದ್ದ ಹೆಸರು ಸರದಿಯಲ್ಲಿ ಹಿಂದಕ್ಕೆ ಹೋಯಿತು. ಮೊಬೈಲ್ ಕೆಟ್ಟರೆ ಪಕ್ಕದವರ ಫೋನಿನಿಂದ ಮಾತಾಡಬಹುದು. ರಾಗಿ ಬಿತ್ತುವ ಹದಕ್ಕೆ ಮಳೆ ಬಿದ್ದು ಎರಡು ದಿನ ಬಿಸಿಲು ಕಾಯ್ದರೆ ಹೊಲ ಮತ್ತೆ ಗಟ್ಟಿ. ಆ ಎರಡು ದಿನ ಪಕ್ಕದವರ ಟ್ರ್ಯಾಕ್ಟರೂ ಬಿಡುವಾಗಿರುವುದಿಲ್ಲ.

ಐವತ್ತು ಎಚ್‌ಪಿ ಮೇಲಿನ ಗಾಡಿ ಕೊಳ್ಳುವವರು ದೊಡ್ಡವರು, ಸಣ್ಣ ರೈತನಿಗೆ ಅದರ ಚಿಂತೆ ಯಾಕೆ ಎಂದು ಕೇಳುವವರಿದ್ದಾರೆ. ಹೆಸರಘಟ್ಟ, ಬಾಗಲೂರು, ಚಿಕ್ಕಜಾಲದ ಕಡೆ ಸೈಟು, ರಸ್ತೆ, ವಿಮಾನ ನಿಲ್ದಾಣ ಎಲ್ಲ ನುಂಗಿ ಉಳಿದಿರುವ ಒಂದೆರಡು ಎಕರೆಯವನು ಟ್ರ್ಯಾಕ್ಟರ್ ಕೊಳ್ಳುವುದಿಲ್ಲ, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆಯುತ್ತಾನೆ. ರಾಗಿ ಕಟಾವಿಗೆ ತಮಿಳುನಾಡಿನಿಂದ ಬರುವ ದೊಡ್ಡ ಯಂತ್ರಗಳಿಗೆ ಕಾಯುತ್ತಾನೆ. 2014-15ರಲ್ಲಿ ರಾಜ್ಯ ಸರ್ಕಾರ ಶುರುಮಾಡಿದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳು ಇಂಥವರಿಗಾಗಿಯೇ. ಬಾಡಿಗೆ ಯಂತ್ರ ಒಂದು ದಿನ ಶೋರೂಮಿನವರ ದಾರಿ ಕಾಯುತ್ತಾ ನಿಂತರೆ ಅದರ ಸರದಿಯಲ್ಲಿದ್ದ ಹತ್ತಾರು ಹೊಲ ನಿಲ್ಲುತ್ತವೆ. ತೆನೆ ಒಣಗಿ ನಿಂತಾಗ ಅಕಾಲದಲ್ಲಿ ಮಳೆ ಬಂದರೆ ಕಾಳು ಕಪ್ಪಾಗುತ್ತದೆ, ಹುಲ್ಲು ಕೊಳೆಯುತ್ತದೆ. ದೊಡ್ಡ ಗಾಡಿಯ ಬೀಗದ ಬೆಲೆ ಕೊನೆಗೆ ಗಂಟೆ ಬಾಡಿಗೆಯಲ್ಲಿ ಸೇರಿ ಸಣ್ಣವನ ಹತ್ತಿರವೇ ಬರುತ್ತದೆ.

ಟ್ರ್ಯಾಕ್ಟರ್ ಒಂದೇ ಅಲ್ಲ. ಹೆಬ್ಬಾಳದ ಹೂವಿನ ಹರಾಜು ಕೇಂದ್ರಕ್ಕೆ ಗುಲಾಬಿ ಕಳಿಸುವ ಪಾಲಿಹೌಸಿನವರು ನೀರು, ಗೊಬ್ಬರ ಎರಡನ್ನೂ ಕಂಟ್ರೋಲರ್ ಪೆಟ್ಟಿಗೆಯ ಕೈಗೆ ಕೊಟ್ಟಿದ್ದಾರೆ. ಡ್ರೋನ್ ಬಂದಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಔಷಧಿ ಹೊಡೆಯುವ ಡ್ರೋನ್ ಕೊಡಲು 2023ರ ನವೆಂಬರ್‌ನಲ್ಲಿ ಕೇಂದ್ರ ಒಪ್ಪಿದ ಯೋಜನೆಯಲ್ಲಿ ಬೆಲೆಯ ಶೇ. 80, ₹8 ಲಕ್ಷದವರೆಗೆ, ಸಹಾಯಧನ ಇಡಲಾಗಿತ್ತು. ಬ್ಯಾಟರಿ ಕೆಟ್ಟರೆ, ಮೋಟಾರ್ ಸುಟ್ಟರೆ ಆ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು? ಬೋರ್‌ವೆಲ್ ಮೋಟಾರಿನದು ಮಾತ್ರ ಸದ್ಯ ಚಿಂತೆಯಿಲ್ಲ. ಸುಟ್ಟರೆ ವೈಂಡಿಂಗ್ ಅಂಗಡಿಯಿದೆ, ಆ ಕೆಲಸ ಕಲಿಸುವುದಕ್ಕೆ ನೆಲಮಂಗಲದ ಅರಿಶಿನಕುಂಟೆಯಲ್ಲಿ ರುಡ್‌ಸೆಟ್ ಸಂಸ್ಥೆಯಿದೆ. ತಾಮ್ರದ ತಂತಿಗೂ ಇನ್ನೂ ಪಾಸ್‌ವರ್ಡ್ ಬಂದಿಲ್ಲ.

ಕಂಪನಿಯವರ ಮಾತಿನಲ್ಲೂ ಹುರುಳಿದೆ, ತಳ್ಳಿಹಾಕುವಂತಿಲ್ಲ. ತಂತ್ರಾಂಶ ತೆರೆದುಕೊಟ್ಟರೆ ಮೊದಲು ಮಾಡುವುದೇ ಹೊಗೆ ನಿಯಂತ್ರಣವನ್ನು ಕಿತ್ತುಹಾಕುವುದು ಅನ್ನುತ್ತಾರೆ. ಲಾರಿಗಳ ವಿಷಯದಲ್ಲಿ ಅಂಥ ಕೈಚಳಕ ನಡೆಯುವುದು ಎಲ್ಲರಿಗೂ ಗೊತ್ತು. ಡುಪ್ಲಿಕೇಟ್ ಬಿಡಿಭಾಗದ ಕಾಟವೂ ಸುಳ್ಳಲ್ಲ; ಮೂಲ ಕಂಪನಿಯ ಡಬ್ಬಿಯಲ್ಲೇ ಕಳಪೆ ಫಿಲ್ಟರ್ ಕೂತಿರುತ್ತದೆ. ಬ್ರೇಕಿನ ತಂತ್ರಾಂಶದಲ್ಲಿ ಅರೆಬರೆ ತಿಳಿದವನು ಕೈಯಾಡಿಸಿದರೆ ಪ್ರಾಣಕ್ಕೇ ಸಂಚಕಾರ. ಆದರೆ ಈ ವಾದಗಳೆಲ್ಲ ತಂತ್ರಾಂಶವನ್ನು ತಿದ್ದುವುದರ ಬಗ್ಗೆ. ರೈತ ಕೇಳುತ್ತಿರುವುದು ಅದಕ್ಕಿಂತ ಬಹಳ ಕಡಿಮೆ. ದೋಷದ ಕೋಡ್ ಓದಲು ಬರಬೇಕು, ಅದರ ಅರ್ಥ ಕೈಪಿಡಿಯಲ್ಲಿ ಕನ್ನಡದಲ್ಲಿ ಇರಬೇಕು, ಹೊಸ ಭಾಗ ಕೂರಿಸಿದ ಮೇಲೆ ಅದನ್ನು ಗಾಡಿಗೆ ಪರಿಚಯ ಮಾಡಿಸುವ ಸೌಲಭ್ಯ ಹೊರಗಿನ ಮೆಕ್ಯಾನಿಕ್ಕಿಗೂ ದುಡ್ಡಿಗಾದರೂ ಸಿಗಬೇಕು. ಹೊಗೆಯ ಲೆಕ್ಕಕ್ಕೆ ಹಾಕಿದ ಬೀಗ ಅಲ್ಲೇ ಇರಲಿ. ಆ ಬೀಗವನ್ನೇ ನೆಪ ಮಾಡಿಕೊಂಡು ಮನೆಯ ಎಲ್ಲ ಕೋಣೆಗಳಿಗೂ ಬೀಗ ಜಡಿಯುವುದು ವ್ಯಾಪಾರ.

ಇದಕ್ಕೆ ದೆಹಲಿಯಲ್ಲಿ ಹೊಸ ಕಾಯ್ದೆ ಬರುವ ತನಕ ಕಾಯಬೇಕಾಗಿಲ್ಲ ಅನ್ನುವುದು ನನ್ನ ಲೆಕ್ಕಾಚಾರ. ಸರ್ಕಾರದ ಕೈಯಲ್ಲಿ ಪೋರ್ಟಲ್ಲಿಗಿಂತ ಗಟ್ಟಿಯಾದ ಹಿಡಿತವೊಂದು ಈಗಾಗಲೇ ಇದೆ. ಅದು ಸಬ್ಸಿಡಿ. ಕೃಷಿ ಯಾಂತ್ರೀಕರಣದ ಯೋಜನೆಯಲ್ಲಿ ನಮ್ಮ ರಾಜ್ಯ ಸಾಮಾನ್ಯ ವರ್ಗದ ರೈತರಿಗೆ ಯಂತ್ರದ ಬೆಲೆಯ ಅರ್ಧದಷ್ಟು, ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 90ರವರೆಗೆ ಮಿತಿಗೊಳಪಟ್ಟು ಸಹಾಯಧನ ಕೊಡುತ್ತದೆ. ಆ ದುಡ್ಡು ರೈತನ ಹೆಸರಿನಲ್ಲಿ ಹೋಗಿ ಸೇರುವುದು ಕಂಪನಿಗೇ. ಸಬ್ಸಿಡಿ ಪಟ್ಟಿಗೆ ಸೇರಬೇಕಾದರೆ ಯಂತ್ರ ಪರೀಕ್ಷೆ ಪಾಸಾಗಿರಬೇಕು. ಅಂಥ ಪರೀಕ್ಷೆ ನಡೆಸುವ ದಕ್ಷಿಣ ಭಾರತದ ಕೇಂದ್ರ ಸಂಸ್ಥೆ ಇರುವುದು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ. ಹೆಬ್ಬಾಳದ ಫ್ಲೈಓವರ್ ಹತ್ತಿ ದೇವನಹಳ್ಳಿ ದಾಟಿ ಹೈದರಾಬಾದ್ ಹೆದ್ದಾರಿಯಲ್ಲೇ ನೇರ ಹೋದರೆ ಅನಂತಪುರದ ಆಚೆ ಅದು ಸಿಗುತ್ತದೆ. ಎಂಜಿನ್ ಎಷ್ಟು ಎಚ್‌ಪಿ ಕೊಡುತ್ತದೆ, ಗಂಟೆಗೆ ಎಷ್ಟು ಡೀಸೆಲ್ ಕುಡಿಯುತ್ತದೆ, ಹಿಂದಿನ ಲಿಫ್ಟ್ ಎಷ್ಟು ಭಾರ ಎತ್ತುತ್ತದೆ ಎಂದೆಲ್ಲ ಅಲ್ಲಿ ಅಳೆಯುತ್ತಾರೆ. ಆ ವರದಿಗೆ ಇನ್ನೊಂದು ಪುಟ ಸೇರಿಸಿದರೆ ಸಾಕು: ದೋಷದ ಕೋಡ್ ಹೊರಗಿನ ಸ್ಕ್ಯಾನರಿಗೆ ಸಿಗುತ್ತದೆಯೇ, ಯಾವ ಯಾವ ಭಾಗ ಬದಲಾಯಿಸಿದರೆ ಕಂಪನಿಯ ಅನುಮತಿ ಬೇಕು, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ. ಇದಕ್ಕೆ ಒಪ್ಪದ ಯಂತ್ರ ಮಾರಾಟವಾಗಲಿ, ತೊಂದರೆಯಿಲ್ಲ. ಸಾರ್ವಜನಿಕರ ದುಡ್ಡಿನಲ್ಲಿ ಮಾರಾಟವಾಗುವುದು ಬೇಡ.

ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ, ಜಿಕೆವಿಕೆ ಆವರಣದವರು ಈ ಕೆಲಸದಲ್ಲಿ ಮುಂದೆ ನಿಂತರೆ ಚೆನ್ನ. 1899ರಲ್ಲಿ ಮೈಸೂರಿನ ರಾಜಮಾತೆ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ 30 ಎಕರೆ ಕೊಟ್ಟು ಶುರುಮಾಡಿಸಿದ ಪ್ರಯೋಗದ ಹೊಲವೇ ಬೆಳೆದು ಕೃಷಿ ವಿಶ್ವವಿದ್ಯಾಲಯವಾಗಿದೆ, ಅಲ್ಲಿ ಕೃಷಿ ಎಂಜಿನಿಯರಿಂಗ್ ಓದಿಸುತ್ತಾರೆ. ಯಾವ ಗಾಡಿಯನ್ನು ಊರಿನ ಮೆಕ್ಯಾನಿಕ್ ಬಿಚ್ಚಬಲ್ಲ, ಯಾವುದನ್ನು ಬಿಚ್ಚಲಾರ ಅಂತ ಅವರೇ ಬಿಚ್ಚಿ ನೋಡಿ ಅಂಕ ಕೊಟ್ಟು ಕೃಷಿ ಮೇಳದಲ್ಲಿ ಒಂದು ಬೋರ್ಡು ಹಾಕಿದರೆ, ಅದರ ಮುಂದೆ ನೆರೆಯುವ ಜನ ಯಾವ ಕಂಪನಿಯ ಮಳಿಗೆಗೂ ಕಡಿಮೆಯಿರುವುದಿಲ್ಲ.

ಅಲ್ಲಿಯವರೆಗೆ, ನವೆಂಬರ್‌ನ ಮೇಳಕ್ಕೆ ಹೋದಾಗ ಎಚ್‌ಪಿ ಎಷ್ಟು, ಸಬ್ಸಿಡಿ ಎಷ್ಟು ಅಂತ ಕೇಳಿದ ಮೇಲೆ ಇನ್ನೂ ಎರಡು ನಿಮಿಷ ಅಲ್ಲೇ ನಿಲ್ಲಿ. ಹಳದಿ ದೀಪ ಹತ್ತಿದರೆ ನಮ್ಮೂರ ಮೆಕ್ಯಾನಿಕ್ ಕೋಡ್ ಓದಬಹುದೇ? ಇಂಜೆಕ್ಟರ್ ಹೊರಗೆ ಹಾಕಿಸಿದರೆ ಗಾಡಿ ಒಪ್ಪುತ್ತದೆಯೇ? ಹೊರಗೆ ರಿಪೇರಿ ಮಾಡಿಸಿದರೆ ವಾರಂಟಿಯಲ್ಲಿ ಯಾವ ಭಾಗ ಹೋಗುತ್ತದೆ, ಯಾವುದು ಉಳಿಯುತ್ತದೆ? ನಿಮ್ಮವರು ಬರಲು ಎಷ್ಟು ದಿನ? ಉತ್ತರ ಬಾಯಲ್ಲಿ ಬಂದರೆ ಕೊಟೇಶನ್ ಹಾಳೆಯ ಮೇಲೆ ಬರೆಸಿ ಸೀಲು ಹಾಕಿಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅದೂ ಒಂದು ಉತ್ತರವೇ. ತನ್ನ ಹೊಟ್ಟೆಪಾಡಿಗೆ ತಾನೇ ದುಡಿಯುವ ರೈತ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕನೇ. ಬಿತ್ತನೆ ಬೀಜದ ಪ್ರಕರಣವೊಂದರಲ್ಲಿ ರೈತ ಗ್ರಾಹಕ ಎಂದು 2012ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿದಿದೆ. ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ₹5 ಲಕ್ಷದವರೆಗಿನ ಯಂತ್ರಕ್ಕೆ ದೂರಿನ ಶುಲ್ಕವಿಲ್ಲ, ₹10 ಲಕ್ಷದವರೆಗಿನದಕ್ಕೆ ₹200. ವಕೀಲರು ಇಲ್ಲದಿದ್ದರೂ ನೀವೇ ನಿಂತು ವಾದಿಸಬಹುದು, ಕೈಯಲ್ಲಿ ಆ ಸೀಲು ಹಾಕಿದ ಹಾಳೆ ಇದ್ದರೆ.